ಬಾವುಟದೆಲೆ

ಆಂಬ್ರೋಸ್ ಸ್ಟಬ್ಲಿಯನ್ನು ಮಣ್ಣು ಮಾಡಿದ ದಿನ
ಹೇವರ್ಬಿಯಲ್ಲಿ ಗಾಳಿ ನಿಂತಿತು.

ಆರು ದಿನ ಬೀಸಿತ್ತು ಉತ್ತರ ಸಮುದ್ರದಿಂದ,
ಲಿಂಕನ್‌ಶೈರಿನ ಬೋಳುಗುಡ್ಡಗಳ ಬೆನ್ನು ಸವರಿ,
ದನದ ಕೊಟ್ಟಿಗೆಯ ತಗಡು ಬಡಿದು.
ಸ್ಪ್ರೇಯರುಗಳೆಲ್ಲ ರೆಕ್ಕೆ ಮಡಚಿ
ಷೆಡ್ಡಿನೊಳಗೆ, ಕಾವಿಗೆ ಕೂತ ಕೋಳಿಗಳ ಹಾಗೆ.
ಹೊರಗೆ ಗೋಧಿ ಯಾರಿಗೂ ಕಾಯದೆ
ಕೊನೆಯ ಎಲೆ ಬಿಚ್ಚುತ್ತಿತ್ತು.

ಬಾವುಟದೆಲೆ.
ತೆನೆಗಿಂತ ಮೊದಲು ಬಂದು
ತೆನೆಗಾಗಿ ಬಿಸಿಲುಣ್ಣುವ ಎಲೆ.
ಅದರ ಕುತ್ತಿಗೆ ಕಂಡರೆ ಮದ್ದಿನ ಹೊತ್ತು.
ಆತುರಪಟ್ಟರೆ, ಸುರುಳಿಯೊಳಗಿನ ಅರ್ಧಕ್ಕೆ ಮದ್ದು ತಾಗುವುದಿಲ್ಲ;
ತಡೆದರೆ, ಬುಡದೆಲೆಯ ಕಂದು ಮಚ್ಚೆ
ಮಳೆಹನಿಯ ಹೆಗಲೇರಿ ಮೇಲಕ್ಕೆ ಹಾರುತ್ತದೆ,
ಹಾರಿದ್ದು ಕಣ್ಣಿಗೆ ಬೀಳುವುದು ಮೂರು ವಾರದ ಮೇಲೆ.

ಗಾಳಿ ಬಂದಾಗ ತೂರಿಕೊಳ್ಳುವವರು ಕಣದವರು.
ನಮ್ಮದು ಗಾಳಿ ನಿಂತಾಗಿನ ಕಸುಬು.

ಕ್ಯಾಲೆಂಡರು ಗೋಡೆಗೆ, ಗಿಡ ಕೈಗೆ, ಅನ್ನುತ್ತಿದ್ದ ಆಂಬ್ರೋಸ್.
ಕೆಲಸಕ್ಕೆ ಸೇರಿದ ಮೊದಲ ವಸಂತ
ಕೆಸರಲ್ಲಿ ಮಂಡಿಯೂರಿಸಿದ.
ದಪ್ಪ ತೆಂಡೆಯೊಂದನ್ನು ಬೇರುಸಮೇತ ಕಿತ್ತು
ಪೆನ್ನೈಫಿನಿಂದ ಉದ್ದಕ್ಕೆ ಸೀಳಿದ,
ಮೀನು ಸೀಳುವವನ ಹಾಗಲ್ಲ,
ಬೇರೆಯವರ ಕಾಗದ ಒಡೆಯುವವನ ಹಾಗೆ.
ಒಳಗೆ ಅಕ್ಕಿನುಚ್ಚಿನಷ್ಟು ತೆನೆ.
"ನೋಡು ಮಗಾ, ಇನ್ನೂ ಹುಟ್ಟಿಲ್ಲ,
ಆಗಲೇ ಲೆಕ್ಕ ಹಾಕ್ಕೊಂಡು ಕೂತಿದೆ."
ಆಮೇಲೆ ಬೆರಳ ತುದಿಯಿಂದ ಗೆಣ್ಣು ತೋರಿಸಿದ:
"ಇದು ಒಂದು. ಎರಡನೆಯದು ಬರೋಕೆ ಮುಂಚೆ
ಕಳೆಯ ಜಗಳ ಮುಗಿಸಿಬಿಡು."

ಒಂದು ವರ್ಷ ತಾನೇ ಮುಗಿಸಿರಲಿಲ್ಲ.
ಎರಡು ಗೆಣ್ಣು ದಾಟಿದ ಮೇಲೆ ಕಳೆನಾಶಕ ಹೊಡೆದ.
ಜೂನಿನಲ್ಲಿ ತೆನೆಗಳು ಕತ್ತು ತಿರುಚಿಕೊಂಡು ಬಂದವು,
ಅದೂ ರಸ್ತೆಬದಿಯ ಹೊಲದಲ್ಲಿ.
ಉತ್ತು ಮುಚ್ಚಬಹುದಿತ್ತು. ಮುಚ್ಚಲಿಲ್ಲ.
ಕೊಯ್ಲಿನವರೆಗೂ ನಿಲ್ಲಿಸಿ
ಬಸ್ಸಿನಲ್ಲಿ ಹೋಗುವವರಿಗೆಲ್ಲ ತೋರಿಸಿದ.

ಈಗ ಇಗರ್ಜಿಯ ಬೆಂಚುಗಳಲ್ಲಿ ಕಪ್ಪು ಸೂಟುಗಳು,
ಎಷ್ಟು ತೊಳೆದರೂ ಬೆರಳ ಗೆರೆಯಲ್ಲಿ ಡೀಸೆಲ್.
ಪಾದ್ರಿ ಬಿತ್ತಿದ್ದರ ಬಗ್ಗೆ ಓದಿದರು, ಬೆಳೆದದ್ದರ ಬಗ್ಗೆ.
ಮಧ್ಯೆ ಏನಾಯಿತೆಂದು ಓದಲಿಲ್ಲ.
ಹೊರಗೆ ಬಂದು ಗುಂಡಿಯ ಸುತ್ತ ನಿಂತೆವು.
ಕ್ಲೆಮ್ ಡಾಬ್ನಿ ತಲೆ ಎತ್ತಿದ.
ಅವನನ್ನು ನೋಡಿ ರೋವಿನಾ ಪಾಸ್ಕಿನ್. ಅವಳನ್ನು ನೋಡಿ ನಾನು.
ಗೋಪುರದ ಮೇಲೆ ಅರ್ಧಕ್ಕಿಳಿಸಿದ ಬಾವುಟ
ಒದ್ದೆ ಟವಲಿನಂತೆ ಜೋತಿತ್ತು.
ನಾಳೆ ಮಧ್ಯಾಹ್ನಕ್ಕೆ ಮಳೆ ಎಂದಿತ್ತು ರೇಡಿಯೊ.
ಇಪ್ಪತ್ತು ಮಂದಿ ರೈತರು ಒಟ್ಟಿಗೆ ಆಕಾಶ ನೋಡಿದೆವು;
ಪಾದ್ರಿಗೆ ನಮ್ಮ ಭಕ್ತಿ ಕಂಡು ಕೊರಳು ಕಟ್ಟಿತು.

ಹಿಲ್ಡಾಗೆ ಮಾತ್ರ ಗೊತ್ತಾಯಿತು.
ಐವತ್ತೊಂದು ಮೇ ತಿಂಗಳು
ಅವನ ಊಟ ಮುಚ್ಚಿಟ್ಟು ಕಾದವಳು.
ಹಿಡಿ ಮಣ್ಣು ಹಾಕಿ, ಕೈಗವಸು ಕೊಡವಿ,
"ಹ್ಯಾಮ್ ಸ್ಯಾಂಡ್‌ವಿಚ್ ನಾಳೆಗೂ ಇರುತ್ತೆ,
ಇಲ್ಲೇನು ನಿಂತಿದೀರಿ?" ಅಂದಳು.

ಟೈ ಸಡಿಲಿಸದೆ ಟ್ರ್ಯಾಕ್ಟರು ಹತ್ತಿದ್ದು ಅದೊಂದೇ ಸಲ.
ಗುಡ್ಡದಿಂದ ಗುಡ್ಡಕ್ಕೆ ಮೋಟರುಗಳ ಗುನುಗು.
ಮೊಣಕಾಲೆತ್ತರದ ಹಸಿರಿನ ಮೇಲೆ
ಇಪ್ಪತ್ತನಾಲ್ಕು ಮೀಟರಿನ ತೋಳು ಚಾಚಿ ಹೊರಟೆ,
ಕನ್ನಡಿಯಲ್ಲಿ ಮಂಜು ನೆಟ್ಟಗೆ ಇಳಿಯುತ್ತಿತ್ತು.
ಒಂದೊಂದು ಎಲೆಗೂ ತೆಳ್ಳಗೆ ಒಂದು ಪದರ.
ಕೊನೆಯ ಸುತ್ತಿಗೆ ಸಮಾಧಿಯ ಗೋಡೆ ಹತ್ತಿರವಾದಾಗ
ಒಂದು ಕಡೆಯ ನಳಿಕೆಗಳನ್ನು ನಿಲ್ಲಿಸಿದೆ.

ಅದೂ ಅವನದೇ ಪಾಠ. "ಒಂದು ಪಟ್ಟಿ ಬಿಡು.
ಇಲ್ಲದಿದ್ದರೆ ಮದ್ದು ಉಳಿಸಿತೋ
ಮಳೆ ಕೈಬಿಟ್ಟಿತೋ, ಯಾರನ್ನು ಕೇಳ್ತೀ?"

ಜುಲೈ ಮೊದಲ ವಾರ ಹಿಲ್ಡಾ
ಹೂ ಬದಲಿಸಲು ಬಂದವಳು ಗೋಡೆಗೆ ಒರಗಿ ನಿಂತಿದ್ದಳು.
ಹೊಲವೆಲ್ಲ ಹಸಿರು.
ಗೋಡೆಯುದ್ದಕ್ಕೂ ಆ ಪಟ್ಟಿ ಮಾತ್ರ
ತುದಿಯಿಂದ ಬುಡಕ್ಕೆ ಕಂದು, ಸುಟ್ಟ ಕಾಗದದ ಹಾಗೆ.
ನಾನು ಏನೋ ಹೇಳಹೊರಟೆ.
"ಎಕರೆಗೆ ಎಷ್ಟು ಕಮ್ಮಿ ಬರಬಹುದು?" ಕೇಳಿದಳು.
ತೂಕ ಹಾಕಿದ ಮೇಲೆ ಹೇಳ್ತೀನಿ ಅಂದೆ.